ನಿಂಗಿಗೊಂದು ಕನ್ನಡದ ಮನೆ

ಡೊಂಬಿವಲಿ, ಕಲ್ಯಾಣದ ಕಡೆ ಯಾವುದಾದರೂ ನಾಯಿ ‘ಸಿಟ್’ ಅಂದರೆ ಆಕಾಶ ನೋಡಿ, ‘ಕುಂದ್ರು’ ಅಂದ ಕೂಡಲೇ ಬಾಲ ಮಡಚಿ ಕುಳಿತುಬಿಟ್ಟರೆ ಗಾಬರಿಯಾಗಬೇಡಿ. ಅದು ನಮ್ಮ ಕಾಕಾನ ಶಿಷ್ಯ! ಹೊರನಾಡಿನಲ್ಲಿ ಕನ್ನಡ ಉಳಿಸಲು ಯಾರ್ಯಾರು ಏನೇನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಕಾಕಾ ಮಾತ್ರ ಸಭೆಯಿಲ್ಲದೆ, ಶಾಲು ಹಾರವಿಲ್ಲದೆ ಹನ್ನೊಂದು ನಾಯಿಗಳಿಗೆ ಕನ್ನಡ ಕಲಿಸಿದ್ದಾನೆ.

‘ಕಲಿಸಿದ್ದಾನೆ’ ಅಂದೆನೆಂದು ಹುಬ್ಬೇರಿಸಬೇಡಿ. ನಮ್ಮ ವಿಜಯಪುರದ ಕಡೆ ಅಪ್ಪ, ಕಾಕಾ, ದೇವರು ಮೂವರಿಗೂ ಏಕವಚನವೇ. ಬಹುವಚನ ಹಚ್ಚಿದರೆ ‘ಯಾಕವಾ, ಸಿಟ್ಟಾಗೀ ಏನು?’ ಅಂತ ಕೇಳುತ್ತಾರೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತನಾದವ. ಅಲ್ಲಿಯ ಹುಡುಗ ಹುಡುಗಿಯರ ಗುಂಪೊಂದು ಬೀದಿಯಲ್ಲಿ ಗಾಯಗೊಂಡು ಬಿದ್ದ ನಾಯಿಗಳನ್ನು ಎತ್ತಿ ತಂದು, ಔಷಧ ಮಾಡಿಸಿ, ಒಳ್ಳೆಯ ಮನೆ ಹುಡುಕಿ ಕೊಡುತ್ತದೆ. ಮನೆ ಸಿಗುವ ತನಕ ಆ ನಾಯಿಯನ್ನು ಯಾರಾದರೂ ಇಟ್ಟುಕೊಳ್ಳಬೇಕಲ್ಲ? ಆ ಯಾರಾದರೂ ನಮ್ಮ ಕಾಕಾ. ತವರಿಗೆ ಬಂದ ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡು, ಮೈ ಕೈ ತುಂಬಿಸಿ ಕಳಿಸುತ್ತಾನೆ. ಜೊತೆಗೆ ಕನ್ನಡವನ್ನೂ ತುಂಬಿಸಿ ಕಳಿಸುತ್ತಾನೆ, ಅದೇ ಫಜೀತಿ!

ಮೊದಲನೆಯ ನಾಯಿ ಹೋದದ್ದು ಒಬ್ಬ ಮರಾಠಿ ಶಾಲಾ ಮಾಸ್ತರಿಣಿಯ ಮನೆಗೆ. ಎರಡನೆಯ ದಿನವೇ ಅವರ ಫೋನು. “ಕಾಕಾ, ತೋ ಐಕತಚ್ ನಾಹೀ!” ಮಾತೇ ಕೇಳುವುದಿಲ್ಲವಂತೆ. ಸೋಫಾದ ಮೇಲೆ ಹತ್ತಿ ನಿಂತಿದೆಯಂತೆ. ಕಾಕಾ ಫೋನಿನ ಸ್ಪೀಕರ್ ಹಚ್ಚಲು ಹೇಳಿ ಇಲ್ಲಿಂದಲೇ ಗುಡುಗಿದ, “ಏ ಮಂಗ್ಯಾನಂಥಾದ, ಇಳಿ ಕೆಳಗ! ಕುಂದ್ರು!” ಅಲ್ಲಿ ನಾಯಿ ಇಳಿದು ಕುಳಿತಿತು. ಗಾಬರಿಗೆ ಮಾಸ್ತರಿಣಿಯ ಗಂಡನೂ ಕುಳಿತರಂತೆ.

ಇಂಥ ಫೋನುಗಳು ಹೆಚ್ಚಾದ ಮೇಲೆ ಗುಂಪಿನ ಹುಡುಗಿ, ಅವಳೂ ಮರಾಠಿಯವಳೇ, ಹತ್ತು ಕನ್ನಡ ಶಬ್ದಗಳ ಒಂದು ಚೀಟಿ ಮುದ್ರಿಸಿ ಪ್ರತಿ ನಾಯಿಯ ಕೊರಳಪಟ್ಟಿಯ ಜೊತೆ ಕೊಡತೊಡಗಿದಳು. ಒಮ್ಮೆ ನಾನು ನಾವಿರುವ ಠಾಣೆ ಊರಿನ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದೆ. ಎದುರಿನಿಂದ ಒಬ್ಬ ಗುಜರಾತಿ ಹೆಂಗಸು ನಾಯಿಯ ಹಿಂದೆ ಓಡೋಡಿ ಬರುತ್ತ, “ಬ್ಯಾಡ! ಬ್ಯಾಡ! ಬಾ ಇಲ್ಲೆ!” ಎಂದು ಕೂಗುತ್ತಿದ್ದರು. ನಮ್ಮ ಸೋದರತ್ತೆಯೇ ಎದ್ದು ಬಂದಳೇನೋ ಅನ್ನಿಸಿ ನಾನೇ ಗಕ್ಕನೆ ನಿಂತುಬಿಟ್ಟೆ!

“ಅಲ್ಲ ಕಾಕಾ, ನೀ ಮರಾಠಿ ಎಷ್ಟ ಚಂದ ಮಾತಾಡ್ತಿ. ನಾಯಿಗೆ ಅದನ್ನ ಕಲಿಸಿದ್ರ ಆಗೂದಿಲ್ಲೇನು?” ಎಂದು ಕೇಳಿದೆ.

“ವ್ಯವಹಾರಕ್ಕ ಮರಾಠಿ ಬರತದವಾ. ಬೈಲಿಕ್ಕೆ, ಮುದ್ದ ಮಾಡಲಿಕ್ಕೆ ಬರೂದಿಲ್ಲ. ಮನ್ಯಾಗ ನಾ ಬೈಯೋದು ಯಾರಿಗೆ ತಿಳೀತದ ಹೇಳು?”

ಅದೂ ಖರೆಯೇ. ಕಾಕು, ಅಂದರೆ ಅವನ ಹೆಂಡತಿ, ತೀರಿಕೊಂಡು ನಾಲ್ಕು ವರ್ಷವಾಯಿತು. ಮಗ ಹುಟ್ಟಿದ್ದು, ಬೆಳೆದದ್ದು ಡೊಂಬಿವಲಿಯಲ್ಲೇ. ಕನ್ನಡ ಅಷ್ಟಿಷ್ಟು ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಸೊಸೆ ಮರಾಠಿಯವಳು, ಬಂಗಾರದಂಥ ಹುಡುಗಿ, ಮಾವನಿಗೆ ಗುಳಿಗೆ ಕೊಡುವುದನ್ನು ಒಂದು ದಿನವೂ ಮರೆತವಳಲ್ಲ. ಮೊಮ್ಮಗಳು ‘ಆಜೋಬಾ’ ಎಂದು ಅಜ್ಜನ ಕೊರಳಿಗೆ ಬೀಳುತ್ತಾಳೆ. ಯಾರಲ್ಲೂ ಏನೂ ಕೊರತೆ ಇಲ್ಲ.

ಹನ್ನೊಂದನೆಯವಳೇ ನಿಂಗಿ. ಕಲ್ಯಾಣ ಸ್ಟೇಷನ್ನಿನ ಸೇತುವೆಯ ಕೆಳಗೆ ಹಿಂಗಾಲು ಮುರಿದುಕೊಂಡು ಬಿದ್ದಿದ್ದಳು. ಗುಂಪಿನವರು ‘ಡೇಜಿ’ ಎಂದು ಹೆಸರಿಟ್ಟು ತಂದರೆ ಕಾಕಾ ಅವಳ ಕಪ್ಪು ಮೂತಿ ನೋಡಿ, “ಎಲ್ಲೀ ಡೇಜಿ? ಇಕಿ ನಮ್ಮ ನಿಂಗಿ” ಎಂದ. ಅಷ್ಟೇ, ನಾಮಕರಣ ಮುಗಿಯಿತು. ಕಾಲು ಕೂಡಿತು. ಸ್ವಲ್ಪ ಕುಂಟು ಉಳಿಯಿತು. ಬೇರೆ ನಾಯಿಗಳು ಎರಡು ತಿಂಗಳಿದ್ದು ಹೋದರೆ ಇವಳು ಎಂಟು ತಿಂಗಳು ಉಳಿದಳು. ಕಾಕಾ ಪೇಪರ್ ಓದಿದರೆ ಕೇಳುವವಳು ಅವಳು. ಕಾಕಾ ಕೆಮ್ಮಿದರೆ ಎದ್ದು ನಿಲ್ಲುವವಳು ಅವಳು. ಅವಳ ಜೊತೆ ಅವನು ಅರ್ಧರ್ಧ ತಾಸು ಮಾತಾಡುವುದನ್ನು ನಾನೇ ಬಾಗಿಲಲ್ಲಿ ನಿಂತು ಕೇಳಿದ್ದೇನೆ. ವಿಜಯಪುರದ ಸೆಕೆ, ಶೇಂಗಾ ಹಿಂಡಿ, ಫ್ಯಾಕ್ಟರಿಯ ಮುಕಾದಮನ ಕಳ್ಳತನ ಎಲ್ಲ ಅವಳಿಗೆ ಬಾಯಿಪಾಠ!

“ಮತ್ತ ನೀನ ಇಟ್ಕೊಂಡ ಬಿಡಬಾರದೇನು?” ಅಂದೆ.

“ನನಗ ಎಪ್ಪತ್ನಾಕು. ಅದಕ್ಕ ಎರಡು. ನೀ ಸಾಲಿ ಕಲ್ತಾಕಿ, ಲೆಕ್ಕಾ ಮಾಡು” ಅಂದ ಕಾಕಾ. “ನಾ ಹೋದ ಮ್ಯಾಲ ಇದನ್ನ ಇದರ ಭಾಷಾದಾಗ ಮಾತಾಡಸಾವ್ರ ಯಾರು? ಅದಕ್ಕ ಇಕಿಗೆ ಕನ್ನಡದ ಮನೀನ ಬೇಕು. ಚೀಟಿ ನೋಡಿ ಓದೂ ಮನಿ ಅಲ್ಲ, ದಿನಾ ಮಾತಾಡೋ ಮನಿ.”

ಶುರುವಾಯಿತು ನೋಡಿ ವರಾನ್ವೇಷಣೆ! ಹೆಣ್ಣು ಕೊಡುವ ಮುಂಚೆ ಹಿರಿಯರು ‘ಮನೆ ನೋಡಲು’ ಹೋಗುತ್ತಾರಲ್ಲ, ಹಾಗೆ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೊಪ್ಪಿಗೆ ಇಟ್ಟು ಹೊರಟ. ರವಿವಾರ ರಜೆ ಇರುವ ಪಾಪಿ ನಾನೊಬ್ಬಳೇ ಆದ್ದರಿಂದ ಜೊತೆಗೆ ನಾನು.

ಮೊದಲ ಮನೆ ಯಾವುದು ಗೊತ್ತೇ? ನನ್ನದೇ! ಕಾಕಾ ಬಂದು ಚಹಾ ಕುಡಿದು, ಬಾಲ್ಕನಿ ಅಳೆದು, ನನ್ನ ಮಗನನ್ನು ಕರೆದು ಏನು ಓದುತ್ತೀ ಅಂತ ಕೇಳಿದ. ಅವನು ಹಿಂದಿಯಲ್ಲಿ ಉತ್ತರ ಕೊಟ್ಟ. ಇನ್ನೊಂದು ಪ್ರಶ್ನೆ, ಇನ್ನೊಂದು ಹಿಂದಿ. ಅಷ್ಟರಲ್ಲಿ ನಾನೂ ಅಡುಗೆಮನೆಯಿಂದ “ಬೇಟಾ, ನಾಶ್ತಾ ಲೇಕೆ ಜಾ” ಎಂದು ಕೂಗಿಬಿಟ್ಟೆನಲ್ಲ! ಕಾಕಾ ಕಪ್ಪು ಕೆಳಗಿಟ್ಟು, “ಮನಿ ಛಲೋ ಅದವಾ, ಗಾಳಿ ಬೆಳಕು ಛಲೋ ಅದ” ಅಂದ. ನಾಪಾಸು ಮಾಡುವ ರೀತಿ ಅದು. ನನಗೆ ಮುಖ ಎತ್ತಲಾಗಲಿಲ್ಲ.

ಎರಡನೆಯದು ಡೊಂಬಿವಲಿಯಲ್ಲೇ, ಮಂಗಳೂರಿನ ಕಡೆಯ ಕುಟುಂಬ. ನಮ್ಮ ಜೊತೆ ಪುಸ್ತಕದ ಹಾಗೆ ಶುದ್ಧ ಕನ್ನಡ. ಕಾಕಾ ಖುಷಿಯಾಗಿ ಹೋದ. ಆದರೆ ಅವರು ಒಬ್ಬರಿಗೊಬ್ಬರು ತಿರುಗಿದ ಕೂಡಲೇ ತುಳು! ಗಂಡ ಹೆಂಡತಿ ತುಳು, ಅಜ್ಜಿ ಮೊಮ್ಮಗು ತುಳು, ಗಿಳಿ ಕೂಡ ತುಳು. “ಭಾಳ ಸಜ್ಜನರು. ಆದ್ರ ನಿಂಗಿ ಇಲ್ಲಿ ಬಂದ್ರ ಮತ್ತ ಸಾಲ್ಯಾಗ ಮೊದಲಿನ ಇಯತ್ತಾದಿಂದ ಕಲೀಬೇಕಾಗ್ತದ” ಎಂದು ಕಾಕಾ ಮೆಟ್ಟಿಲಿಳಿದ.

ಮೂರನೆಯದು ಸಾನಪಾಡಾದಲ್ಲಿ, ಬೆಂಗಳೂರಿನಿಂದ ಬಂದ ಹೊಸ ಜೋಡಿ. ಗಂಡ ಹೆಂಡತಿ ಜಗಳವಾಡುವುದೂ ಕನ್ನಡದಲ್ಲೇ! ಕಾಕಾನಿಗೆ ಇನ್ನೇನು ಬೇಕು? ತಾಂಬೂಲ ಬದಲಿಸುವುದೊಂದು ಬಾಕಿ. ಮುಂದಿನ ರವಿವಾರ ನಿಂಗಿಯನ್ನೇ ಕರೆದುಕೊಂಡು ಹೋದೆವು. ಬಾಗಿಲು ತೆರೆದ ಹುಡುಗಿ ಮೊಣಕಾಲೂರಿ ಕುಳಿತು, “ಓ ಮೈ ಬೇಬಿ! ಕಮ್ ಹಿಯರ್! ಗುಡ್ ಗರ್ಲ್!” ಎಂದಳು. ನಿಂಗಿ ನನ್ನ ಮುಖ ನೋಡಿದಳು, ನಾನು ಕಾಕಾನ ಮುಖ ನೋಡಿದೆ. ವಾಪಸು ಬರುವಾಗ ಕಾಕಾನದು ಒಂದೇ ಪ್ರಶ್ನೆ. “ಮನಷ್ಯಾರ ಕೂಡ ಕನ್ನಡ ಮಾತಾಡ್ತಾರ. ನಾಯಿ ಕಂಡ ಕೂಡ್ಲೆ ಇಂಗ್ಲಿಷ್ ಯಾಕ ಬರತದ ಇವರಿಗೆ?”

ನನಗೂ ತಲೆ ಕೆಟ್ಟಿತು. “ನಿನಗ ಯಾವ ಮನೀನೂ ಪಸಂದ ಬರೂದಿಲ್ಲ ಕಾಕಾ! ನಿನಗ ಕೊಡೂ ಮನಸ್ಸ ಇಲ್ಲ, ಅದನ್ನ ಹೇಳು!” ಎಂದು ರೇಗಿದೆ. ಕಾಕಾ ನಿಂಗಿಯ ಕಿವಿ ತಿಕ್ಕುತ್ತ ಕುಳಿತ.

ಅದಾಗಿ ಹದಿನೈದು ದಿನಕ್ಕೆ ಕಾಕಾ ಬಚ್ಚಲಲ್ಲಿ ತಲೆ ತಿರುಗಿ ಬಿದ್ದ. ದೊಡ್ಡದೇನಲ್ಲ, ನಾಲ್ಕು ದಿನ ಆಸ್ಪತ್ರೆ. ಆದರೆ ಮನೆಯಲ್ಲಿ ನಿಂಗಿ ಬಾಗಿಲಿಗೆ ಮೂತಿ ಹಚ್ಚಿ ಮಲಗಿದವಳು ಏಳಲೊಲ್ಲಳು. ಸೊಸೆ ಅನ್ನ ಮೊಸರು ಕಲಸಿಟ್ಟು, ತಲೆ ಸವರಿ, “ಖಾ ಗ ಬಾಳಾ, ಖಾ” ಎಂದು ಬೇಡಿಕೊಂಡಳು. ಊಹೂಂ. ಎರಡನೆಯ ದಿನ ಅವಳು ಅಳುತ್ತ ಆಸ್ಪತ್ರೆಗೆ ಫೋನು ಮಾಡಿ, ಫೋನನ್ನು ನಾಯಿಯ ಕಿವಿಯ ಹತ್ತಿರ ಹಿಡಿದಳು. ಕಾಕಾ ಸಲಾಯಿನ್ ಹಚ್ಚಿದ ಕೈಯಲ್ಲೇ ಫೋನು ಹಿಡಿದು, “ನಿಂಗೀ, ತಿನ್ನವಾ. ತಿನ್ನು, ನಮ್ಮವ್ವಾ” ಅಂದ. ಅಲ್ಲಿ ನಿಂಗಿ ತಿಂದಳಂತೆ. ಇಲ್ಲಿ ಕಾಕಾ ಗೋಡೆಗೆ ಮುಖ ಮಾಡಿ ಮಲಗಿದ. ಪಕ್ಕದ ಸ್ಟೂಲಿನ ಮೇಲೆ ಕುಳಿತ ನಾನು, ರೇಗಿದ್ದಕ್ಕೆ ನಾಚಿಕೊಂಡೆ.

ಮನೆಗೆ ಬಂದವನೇ ಕಾಕಾ ನಿಂಗಿಗೆ ಮನೆ ಬೇಕೆಂದು ಕೈಯಾರೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಕನ್ನಡದವರು ಓಡಾಡುವ ಕಡೆಯಲ್ಲೆಲ್ಲ ಅಂಟಿಸಲು ನನಗೆ ಕೊಟ್ಟ. ಉತ್ತರ ಬಂದದ್ದು ಉಲ್ಹಾಸನಗರದ ಒಂದು ಖಾನಾವಳಿಯಿಂದ. ಕಲಬುರಗಿ, ರಾಯಚೂರಿನಿಂದ ಬಂದು ಲೋಡಿಂಗ್ ಕೆಲಸ ಮಾಡುವವರು, ಕಟ್ಟಡ ಕಟ್ಟುವವರು ಉಣ್ಣುವ ರೊಟ್ಟಿ ಖಾನಾವಳಿ. ನಡೆಸುವವಳು ಕಲಬುರಗಿ ಕಡೆಯ ಒಬ್ಬ ಹೆಂಗಸು.

“ಖಾನಾವಳಿ ನಾಯಿ ಅಂದ್ರ ಎಂಜಲಾ ತಿಂದು ಡೊಳ್ಳಾಗತದ” ಎಂದು ಕಾಕಾ ಮೂಗು ಮುರಿದ. ಆದರೂ ಟೊಪ್ಪಿಗೆ ಇಟ್ಟ. ಗುಂಪಿನ ಹುಡುಗಿ ಮುಂಚೆಯೇ ಹೋಗಿ ನೋಡಿ ಬಂದು ಒಪ್ಪಿದ್ದಳು. ಮೂವರೂ, ಅಂದರೆ ಕಾಕಾ, ನಾನು, ನಿಂಗಿ, ಒಂದು ರಿಕ್ಷಾ ಹಿಡಿದು ಕಲ್ಯಾಣದ ಮೇಲೆ ಹಾದು ಹೋದೆವು. ಬೇಕಾದದ್ದೆಲ್ಲ ಒಂದು ಚೀಲದಲ್ಲಿತ್ತು, ಅವಳ ಹಾಸಿಗೆ, ಇಂಜೆಕ್ಷನ್ ಕಾರ್ಡು, ತಟ್ಟೆ.

ಮಧ್ಯಾಹ್ನದ ಹೊತ್ತು. ಒಳಗೆ ಮೂವತ್ತು ಜನ, ಮೂವತ್ತೂ ಬಾಯಿ ಕನ್ನಡ! ‘ಪಲ್ಯಾ ತಾರಕ್ಕಾ’, ‘ಖಾರಾ ಕಮ್ಮಿ ಆಗ್ಯಾದ’, ‘ಏ, ಸರಿಯೋ ಅತ್ತಾಗ’. ನಿಂಗಿಯ ಎರಡೂ ಕಿವಿ ನೆಟ್ಟಗಾದವು. ತಲೆ ಒಮ್ಮೆ ಅತ್ತ, ಒಮ್ಮೆ ಇತ್ತ. ಅಕ್ಕ, ಖಾನಾವಳಿಯವಳನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವಸರ ಮಾಡುತ್ತಿದ್ದ ಒಬ್ಬ ಗಿರಾಕಿಗೆ ಲಟ್ಟಣಿಗೆ ತೋರಿಸಿ, “ಸುಮ್ಮ ಕುಂದ್ರು! ತರ್ತೀನಿ!” ಎಂದು ಗದರಿದಳು. ಗಿರಾಕಿ ಕುಳಿತ. ನಿಂಗಿಯೂ ಕುಳಿತಳು! ಇಡೀ ಖಾನಾವಳಿ ಹೋ ಎಂದು ನಕ್ಕಿತು.

ಆಮೇಲೆ ಪರೀಕ್ಷೆ ನಡೆದದ್ದು ಕಾಕಾನದು.

“ಕಾಲಿಗಿ ಏನಾಗಿತ್ರಿ ಇದಕ್ಕ? ಮಳಿಗಾಲದಾಗ ನೋಯ್ತದೇನು? ಮೀನ ತಿಂತದ? ಗುಡುಗಿಗಿ ಅಂಜತದ?” ಅಕ್ಕ ಒಂದಾದ ಮೇಲೊಂದು ಕೇಳಿದಳು.

“ಒಲಿ ಹತ್ರ ಬಿಡಬಾರದವಾ” ಅಂದ ಕಾಕಾ.

“ಒಲಿ ಒಳಗ ಅದಾ, ಬಾಗಿಲಾ ಅದಾ.”

“ಎಂಜಲಾ ಹಾಕಬಾರದು.”

“ಗಿರಾಕಿಗೂ ಹಾಕಲ್ಲ ಕಾಕಾ, ನಾಯಿಗ್ಯಾಕ ಹಾಕ್ಲಿ? ಹಿಂದ ನಂದೊಂದ ಖೋಲಿ ಅದಾ. ನಾ ಒಬ್ಬಾಕಿನೇ. ನನ್ನ ಬಲ್ಲೇಕ, ಹಾಸಿಗಿ ಬದೀಗೇ ಮಲಗ್ತದ.”

ಕಾಕಾನಿಗೆ ಹೇಳಲು ಒಂದು ತಪ್ಪೂ ಸಿಗಲಿಲ್ಲ, ಪಾಪ! ನಿಂಗಿಯ ಹಗ್ಗವನ್ನು ಅಕ್ಕನ ಕೈಗೆ ಕೊಟ್ಟು, ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತುಬಿಟ್ಟ. ಅಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂಗಿಯನ್ನು ಒಳಗೆ ಕರೆದುಕೊಂಡು ಹೋದಳು. ನಿಂಗಿ ಎರಡು ಸಲ ತಿರುಗಿ ನೋಡಿದಳು. ಮೂರನೆಯ ಸಲ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಹೊರಬಂದು, ಎರಡು ತಾಟು ಹಚ್ಚಿಟ್ಟು, “ಕಾಕಾ, ಊಟಕ್ಕ ಏಳ್ರಿ. ರೊಟ್ಟಿ ಆರ್ತಾವ” ಅಂದಳು.

ಕಾಕಾ ಏಳಲಿಲ್ಲ. ಕಾಲು ಜೋಮು ಹಿಡಿದಿರಬೇಕೆಂದು ನಾನು ಕೈ ಕೊಡಲು ಹೋದೆ. ನೋಡಿದರೆ ಅವನ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಮೂವತ್ತು ಜನರ ಎದುರಿಗೆ, ಟೊಪ್ಪಿಗೆ ಇಟ್ಟುಕೊಂಡು, ನಮ್ಮ ಕಾಕಾ ಅಳುತ್ತಿದ್ದ. ಅಕ್ಕ ಮತ್ತೊಮ್ಮೆ, ಈ ಸಲ ಮೆಲ್ಲಗೆ, “ಏಳ್ರಿ, ಊಟಾ ಮಾಡ್ರಿ” ಅಂದಳು. ಕಾಕಾ ಎದ್ದು ಕೈ ತೊಳೆದು ಮೂರು ರೊಟ್ಟಿ ಉಂಡ.

ವಾಪಸು ಬರುವಾಗ ರಿಕ್ಷಾದಲ್ಲಿ ನಮ್ಮಿಬ್ಬರ ನಡುವೆ ಜಾಗ ಖಾಲಿ ಇತ್ತು. ಕಲ್ಯಾಣದ ಟ್ರಾಫಿಕ್ಕಿನಲ್ಲಿ ನಿಂತಾಗ ಕಾಕಾ ತಾನಾಗಿಯೇ ಮಾತಾಡಿದ.

“ನಿಮ್ಮ ಕಾಕು ಹೋದ ಮ್ಯಾಲ ‘ಊಟಕ್ಕ ಏಳ್ರಿ’ ಅಂತ ಯಾರೂ ಕರದಿದ್ದಿಲ್ಲವಾ. ಸೊಸಿ ಕರೀತಾಳ, ಆಕಿದೇನೂ ತಪ್ಪಿಲ್ಲ, ದಿನಾ ಕರೀತಾಳ. ‘ಬಾಬಾ, ಜೇವಾಯ್ಲಾ ಯಾ’ ಅಂತಾಳ. ನಾ ಹೋಗಿ ಉಣ್ತೀನಿ. ಆದ್ರ ಇವತ್ತ ಆ ಹೆಣ್ಮಗಳು ಏಳ್ರಿ ಅಂದ ಕೂಡ್ಲೆ… ಒಳಗಿಂದ ಆಕೀನೇ ಕರದಂಗ ಆತು.”

“ಮತ್ತ ಮುಂದಿನ ರವಿವಾರ ಹೋಗೋಣಲ್ಲ ಕಾಕಾ ಅಲ್ಲಿ ಊಟಕ್ಕ?” ಅಂದೆ.

“ಹೋಗೂಹಂಗಿಲ್ಲ. ಎರಡ ತಿಂಗಳ ನಾ ಆ ಕಡೆ ಸುಳೀಬಾರದಂತ, ಗುಂಪಿನ ಹುಡುಗಿ ಹೇಳ್ಯಾಳ. ನಿಂಗಿ ಅಲ್ಲಿ ಹೊಂದ್ಕೋಬೇಕಲ್ಲ. ನನ್ನ ದನಿ ಕೇಳಿದ್ರ ಓಡಿ ಬರ್ತಾಳ. ಓಡಿ ಬರಲಿಲ್ಲಂದ್ರ ಅದೂ ನನಗ ತಡಕೊಳ್ಳಿಕ್ಕಾಗೂದಿಲ್ಲ.”

ಮರುದಿನ ಬೇಲಾಪುರದ ನನ್ನ ಆಫೀಸಿನಲ್ಲಿ ಒಂದು ಗಂಟೆಗೆ ಎಲ್ಲರೂ ಡಬ್ಬಿ ಬಿಚ್ಚಿದರು. ನನಗೆ ತುತ್ತು ಎತ್ತಲಾಗಲಿಲ್ಲ. ಮೆಟ್ಟಿಲ ಹತ್ತಿರ ಹೋಗಿ ನಿಂತು ಡೊಂಬಿವಲಿಗೆ ಫೋನು ಮಾಡಿದೆ.

“ಕಾಕಾ, ಊಟಕ್ಕ ಏಳು.”

ಆ ಕಡೆ ಪೇಪರ್ ಮಡಚಿದ ಸದ್ದು ಕೇಳಿಸಿತು.

“ಏಳ್ತೀನವಾ,” ಅಂದ. “ನಿಂಗೀನ್ನೂ ಊಟಕ್ಕ ಕರದಿರ್ತಾರಲ್ಲ ಅಲ್ಲಿ, ಈ ಹೊತ್ತಿಗೆ?”

“ಕರದಿರ್ತಾರ ಕಾಕಾ. ನೀ ಏಳು.”