ಸೋಬಾನೆ ಅಜ್ಜಿಯ ಹೊಸ ಪಂಪು

ನಂಜನಗೂಡಿನ ಒಂದು ಕ್ಲಿನಿಕ್ಕಿನಲ್ಲಿ ನಾನು ನರ್ಸು. ಡಾಕ್ಟರು ಒಂದು ಗೆರೆ ಬರೆದು ಔಷಧಿ ಬದಲಾಯಿಸುತ್ತಾರೆ. ಆ ಗೆರೆಯಿಂದ ಹುಟ್ಟುವ ಪಜೀತಿಯೆಲ್ಲ ನನ್ನ ಪಾಲಿಗೆ.

ಹೋದ ವರ್ಷದ ಪಜೀತಿ ಹದಿನಾರು ಎಂಬ ಊರಿನ ಒಬ್ಬ ಅಜ್ಜಿಯದು. ಊರಿನ ಮದುವೆಗಳಲ್ಲೆಲ್ಲ ಸೋಬಾನೆ ಎತ್ತಿಕೊಡುತ್ತಿದ್ದವರು ಆಕೆ. ಎರಡು ವರ್ಷದಿಂದ ಉಬ್ಬಸ. ಒಂದು ಸೊಲ್ಲು ಮುಗಿಯುವುದರೊಳಗೆ ಕೆಮ್ಮು. ಕಾರ್ತೀಕದಲ್ಲಿ ಮೊಮ್ಮಗಳ ಮದುವೆಯಿತ್ತು.

"ಅವತ್ತು ನಾನು ಪದ ಆಡ್ಲೇಬೇಕು ಕಣವ್ವ" ಎಂದು ಹಟ ಹಿಡಿದರು. ದಿನಾ ಬಾಯಿಗೆ ಒತ್ತಿಕೊಳ್ಳುತ್ತಿದ್ದ ಇನ್ಹೇಲರ್ ಪಂಪು ಸಾಲುತ್ತಿಲ್ಲವೆಂದು ಡಾಕ್ಟರು ಬೇರೆಯದನ್ನು ಬರೆದರು.

೧. ಊದುಗೊಳವೆ

ಹಳೆಯದರಲ್ಲಿ ಒತ್ತಿದರೆ ಔಷಧಿ ತಾನೇ ಬರುತ್ತಿತ್ತು. ಹೊಸದರಲ್ಲಿ ಕ್ಯಾಪ್ಸೂಲು ಹಾಕಿ, ಅದರ ಪುಡಿಯನ್ನು ನಾವೇ ಜೋರಾಗಿ ಉಸಿರೆಳೆದು ಒಳಗೆ ತೆಗೆದುಕೊಳ್ಳಬೇಕು. "ಬಾಯಿಗಿಟ್ಕೊಂಡು ಜೋರಾಗಿ..." ಎಂದೆ. "ಎಳೀರಿ" ಅನ್ನುವ ಮೊದಲೇ, ಐವತ್ತು ವರ್ಷ ಸೌದೆ ಒಲೆ ಊದಿದ ಅಜ್ಜಿ 'ಪೂ' ಎಂದು ಊದಿಯೇಬಿಟ್ಟರು. ಪುಡಿಯೆಲ್ಲ ನನ್ನ ಕನ್ನಡಕದ ಮೇಲೆ.

"ಅಯ್ಯೋ, ಊದಬಾರದು ಅಜ್ಜಿ, ಎಳೀಬೇಕು!"

"ಕೊಳವೇನ ಯಾರಾದ್ರೂ ಎಳೀತಾರಾ? ನಿಮ್ಮವ್ವ ನಿಂಗೆ ಒಲೆ ಕೆಲ್ಸ ಏನೂ ಕಲಿಸ್ನಿಲ್ವಾ?"

೨. ಆಯುಧಪೂಜೆ

ಖಾಲಿ ಮೆಷಿನ್ನಿನಲ್ಲಿ ಹತ್ತು ಸಲ ಎಳೆಸಿದ ಮೇಲೆ ಕಲಿತರು. ಕೆಮ್ಮು ಇಳಿಯಿತು, ಗುನುಗುವುದಕ್ಕೂ ಶುರು ಮಾಡಿದರು. ನಾನು ಖುಷಿಯಾಗಿದ್ದೆ. ಅಷ್ಟರಲ್ಲಿ ವಿಜಯದಶಮಿಯ ಬೆಳಿಗ್ಗೆ ಆಟೋದಲ್ಲಿ ಬಂದಿಳಿದರು, ಎದೆ ಸುಯ್ ಸುಯ್ ಅನ್ನುತ್ತಿತ್ತು. ಕೈಯಲ್ಲಿದ್ದ ಮೆಷಿನ್ನಿಗೆ ವಿಭೂತಿ, ಕುಂಕುಮ, ಒಂದು ಸೇವಂತಿಗೆ.

ಡಾಕ್ಟರು ಔಷಧಿ ಕೊಟ್ಟು ಉಸಿರು ತಹಬಂದಿಗೆ ತಂದ ಮೇಲೆ ಕೇಳಿದೆ. "ನೆನ್ನೆ ಎಳೀಲಿಲ್ವಾ? ಯಾಕೆ?"

"ಕುಡ್ಲು, ಮಚ್ಚಿನ ಜೊತೇಲಿ ಪೂಜೆಗಿಟ್ಟಿದ್ದೆ ಕಣವ್ವ. ಪೂಜೆಗಿಟ್ಟಿದ್ದನ್ನ ಅವತ್ತು ಮುಟ್ಟಾರಾ?"

ನನಗೆ ಸಿಟ್ಟೂ ಬಂತು, ಭಯವೂ ಆಯಿತು. "ಕುಡುಗೋಲಿಗೆ ರಜಾ ಕೊಡಿ, ಇದಕ್ಕೆ ಒಂದು ದಿನವೂ ಕೊಡಬಾರದು" ಎಂದು ಗದರಿದೆ. ಅಜ್ಜಿ ಡಾಕ್ಟರ ಕೊರಳಿನ ಸ್ಟೆತಾಸ್ಕೋಪಿಗೆ ನಾನೇ ಹಿಂದಿನ ದಿನ ಇಟ್ಟಿದ್ದ ಕುಂಕುಮವನ್ನು ಬೆರಳು ಮಾಡಿ ತೋರಿಸಿದರು.

೩. ಬೀಗರೂಟ

ಮದುವೆಗೆ ನಾನೂ ಹೋಗಿದ್ದೆ. ಗಂಡಿನ ಕಡೆಯವರು ಟಿ. ನರಸೀಪುರದವರು. ಅಜ್ಜಿ ಬೆಳಿಗ್ಗೆಯೇ ಔಷಧಿ ಎಳೆದು, ಬಾಯಿ ಮುಕ್ಕಳಿಸಿ, ಚಾಪೆಯ ಮೇಲೆ ಕೂತು ಸೋಬಾನೆ ಎತ್ತಿದರು. ಮೊದಲ ಹಾಡು ಮುಗಿಯಿತು. ಕೆಮ್ಮು ಬರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಆಮೇಲೆ ಬೀಗರನ್ನು ಆಡಿಕೊಳ್ಳುವ ಹಾಡು ಶುರುವಾಯಿತು. ಬೀಗರ ಮೀಸೆ, ಬೀಗಿತ್ತಿಯ ನಡಿಗೆ, ಅವರು ತಂದ ಸೀರೆ, ಯಾವುದನ್ನೂ ಬಿಡಲಿಲ್ಲ. ಗಂಡಿನ ಕಡೆಯಿಂದ ಎದುರು ಹಾಡುತ್ತಿದ್ದ ಗಂಡಿನ ತಾಯಿ ಅರ್ಧ ಗಂಟೆಗೇ ಸುಸ್ತಾಗಿ ನೀರು ಕೇಳಿದರು. ಅಜ್ಜಿ ಇನ್ನೂ ಎರಡು ಗಂಟೆ ಹಾಡಿದರು.

ಸೋಮವಾರ ಕ್ಲಿನಿಕ್ಕಿನ ಬಾಗಿಲು ತೆಗೆದರೆ ಅದೇ ಗಂಡಿನ ತಾಯಿ, ಮೊದಲ ಬಸ್ಸಿಗೇ ಬಂದು ಕೂತಿದ್ದಾರೆ. ಡಾಕ್ಟರು ಎದೆಯೆಲ್ಲ ಪರೀಕ್ಷಿಸಿದರು.

"ನಿಮ್ಮ ಎದೆ ಚೆನ್ನಾಗಿದೆ ಕಣಮ್ಮ. ಏನು ತೊಂದರೆ?"

"ತೊಂದ್ರೆ ಏನಿಲ್ಲ ಸಾ. ಬರೋ ಬಾನ್ವಾರ ಬೀಗರೂಟ ಅದೆ, ಅಲ್ಲೂ ಪದ ಆಡ್ಬೇಕು. ಆ ಮುದುಕಿಗೆ ಕೊಟ್ರಲ್ಲ, ಅದೇ ಪಂಪ್ನ ನಂಗೂ ಬರ್ಕೊಡಿ!"