ಗಾಳಿ ಜಾಕೆಟ್ಟಿಗೆ ಎರಡಿಂಚು ಒಳಹೊಲಿಗೆ

ಈ ತೊಂದರೆ ಶುರುವಾದದ್ದು ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತೂಕಾಲಿಗೆ, ಅಮ್ಮ "ನಾನೂ ಬರ್ತೀನಿ ಇರು" ಎಂದು ಚಪ್ಪಲಿ ಮೆಟ್ಟಿದಾಗ. ನಮ್ಮ ಮನೆಯಲ್ಲಿ ಯಾರೂ ಸರಿಯಾದ ಅಳತೆಯ ಬಟ್ಟೆ ಕೊಂಡ ಚರಿತ್ರೆಯಿಲ್ಲ. ಏನು ಕೊಂಡರೂ ಒಂದು ಸೈಜು ದೊಡ್ಡದು ಕೊಂಡು, ವಿಜಯನಗರದ ನಮ್ಮ ಬೀದಿಯ ಟೈಲರ್ ಹತ್ತಿರ ಒಳಗೆ ಹಿಡಿಸಿ, ಮೈ ಬಂದಾಗ ಬಿಚ್ಚಿಸಿಕೊಳ್ಳುವುದು ಪದ್ಧತಿ. ನನಗೆ ಇಪ್ಪತ್ತಾರು ತುಂಬಿದೆ. ಆದರೂ ಅಮ್ಮ ಅಂಗಡಿಗಳಲ್ಲಿ "ಬೆಳೆಯೋ ಹುಡುಗಿ" ಅನ್ನುತ್ತಾಳೆ. ಯಾವ ದಿಕ್ಕಿಗೆ ಎಂದು ಕೇಳುವ ಧೈರ್ಯ ಅಂಗಡಿಯವನಿಗೂ ಇಲ್ಲ, ನನಗೂ ಇಲ್ಲ.

ಈ ಪದ್ಧತಿ ಸಮುದ್ರದವರೆಗೆ ಹೋದದ್ದು ಹೀಗೆ. ಡಿಸೆಂಬರಿನಲ್ಲಿ ಮುರುಡೇಶ್ವರದ ಕಡೆ ಹೋಗಿ, ಸಿಲಿಂಡರಿನ ಗಾಳಿ ಉಸಿರಾಡುತ್ತ ಸಮುದ್ರದಡಿ ಈಜುವ ಸ್ಕೂಬಾ ಕಲಿತೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳಲು ತೋಳಿಲ್ಲದ ಜಾಕೆಟ್ ಒಂದಿರುತ್ತದೆ. ಗುಂಡಿ ಒತ್ತಿ ಗಾಳಿ ತುಂಬಿದರೆ ತೇಲುತ್ತೀರಿ, ಗಾಳಿ ಬಿಟ್ಟರೆ ಇಳಿಯುತ್ತೀರಿ. ನನಗೆ ಸಿಕ್ಕ ಬಾಡಿಗೆ ಜಾಕೆಟ್ ಯಾವುದೋ ಪೈಲ್ವಾನನ ಅಳತೆಯದು. ಗಾಳಿ ತುಂಬಿದೊಡನೆ ಅದೊಂದೇ ಮೇಲೆ ತೇಲಿತು. ನಾನು ಅದರೊಳಗೆ ಕಿವಿಯವರೆಗೆ ಜಾರಿ, ಉಪ್ಪುನೀರು ಕುಡಿದು, ದೋಣಿಯವರಿಂದ ಎಳೆಸಿಕೊಂಡೆ. ಕೋರ್ಸ್ ಹೇಗೋ ಮುಗಿಯಿತು. ಆದರೆ ಬಾಡಿಗೆ ಜಾಕೆಟ್ ನೆನೆಸಿಕೊಂಡರೆ ಈಗಲೂ ಬಾಯಿ ಉಪ್ಪಾಗುತ್ತದೆ. ಬರುವ ಶನಿವಾರ ಗೆಳತಿಯರೊಂದಿಗೆ ಮತ್ತೆ ಹೋಗುವುದಿದೆ. ಮೈಗೆ ಹಿಡಿಯುವ, ನನ್ನದೇ ಆದ ಜಾಕೆಟ್ ಇದ್ದರೆ ಇಳಿಯುವುದು, ಇಲ್ಲದಿದ್ದರೆ ಈ ಜನ್ಮಕ್ಕೆ ಸಾಕು ಎಂದು ತೀರ್ಮಾನಿಸಿದ್ದೆ.

ಹದಿನೈದು ದಿನ ಕೂತು ಪಟ್ಟಿ ಮಾಡಿದೆ. ಬೆನ್ನಲ್ಲಿ ಗಾಳಿ ತುಂಬುವವು ಯಾವುವು, ಸುತ್ತಲೂ ತುಂಬುವವು ಯಾವುವು, ತೂಕವೆಷ್ಟು, ಜೇಬೆಷ್ಟು. ಅಮ್ಮ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೇಳಿದಳು: "ತೇಲಕ್ಕೂ ಅದೇ, ಮುಳುಗಕ್ಕೂ ಅದೇನಾ?"

"ಹೂಂ."

"ಮುಳುಗಕ್ಕೆ ಜಾಕೆಟ್ ಯಾಕೆ ಬೇಕೇ, ಸುಮ್ನೆ ಬಿದ್ರೆ ಆಗಲ್ವಾ?"

ನಾನು ಪಟ್ಟಿಗೆ ಇನ್ನೊಂದು ಕಾಲಂ ಎಳೆದೆ.

ಕೊನೆಗೆ ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟೊಂದರಲ್ಲಿ, ಮಗು ಹುಟ್ಟಿದ ಮೇಲೆ ಸಮುದ್ರ ಬಿಟ್ಟ ಗಂಡಹೆಂಡಿರು ತಮ್ಮ ಎರಡೂ ಜಾಕೆಟ್ ಮಾರುತ್ತಿದ್ದಾರೆಂದು ತಿಳಿದು, ಆ ಭಾನುವಾರ ಅಮ್ಮನೂ ನಾನೂ ನೋಡಲು ಹೋದೆವು. ಹೆಂಡತಿಯದು ನಾನೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಅಮ್ಮ ಭುಜದೊಳಗೆ ಎರಡು ಬೆರಳು ತೂರಿಸಿ ನೋಡಿದಳು, ತೂರಲಿಲ್ಲ.

"ಉಸಿರಾಡಕ್ಕೂ ಜಾಗ ಇಲ್ವಲ್ಲಪ್ಪಾ."

"ಇದು ಟೈಟಾಗೇ ಇರ್ಬೇಕು ಆಂಟಿ," ಎಂದರು ಗಂಡ.

"ಈಗೇನೋ ಸರಿ. ಮದುವೆ ಆದ್ಮೇಲೆ?"

ಗಂಡ ಹೆಂಡತಿಯ ಕಡೆ ನೋಡಿ, ತಕ್ಷಣ ಕಿಟಕಿಯ ಕಡೆ ನೋಡಿದರು. ಅಲ್ಲಿಗೆ ಅಮ್ಮ ಗೆದ್ದಳು. ಆಮೇಲೆ ಎರಡಕ್ಕೂ ಒಂದೇ ರೇಟು ಎಂದು ಗೊತ್ತಾಯಿತು. "ಒಂದೇ ರೇಟಿಗೆ ದೊಡ್ಡದು ಬಿಟ್ಟು ಚಿಕ್ಕದು ತಗೊಂಡ್ರೆ ನಿಮ್ಮಪ್ಪ ನಗ್ತಾರೆ ಕಣೇ. ಒಳಗೆ ಹಿಡಿಸಿದ್ರಾಯ್ತು." ಅಷ್ಟೆಲ್ಲ ಓದಿದ ನಾನು ತಡೆಯಬಹುದಿತ್ತು. ಆದರೆ ಒಳಗೆ ಸೈಕಲ್ಲಿನ ಹಾಗೆ ಬೇರೆ ಟ್ಯೂಬ್ ಇರುತ್ತದೆ, ಹೊರಗಿನ ಬಟ್ಟೆಗೆ ಹೊಲಿಗೆ ಬಿದ್ದರೆ ಏನಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಂಡನದನ್ನೇ ತಂದೆವು.

ಟೈಲರಿಗೆ ಇಂಥ ಕೆಲಸ ಸಿಕ್ಕಿದ್ದಕ್ಕೆ ಬಹಳ ಖುಷಿ. "ದಪ್ಪ ಸೂಜಿ, ಡಬಲ್ ಹೊಲಿಗೆ ಮೇಡಂ. ಸಮುದ್ರ ಒಣಗಿದ್ರೂ ಇದು ಬಿಚ್ಚಲ್ಲ," ಎಂದು ಮಂಗಳವಾರ ಸಂಜೆ ಮಡಿಸಿ ಕೊಟ್ಟರು. ತೊಟ್ಟರೆ ನಿಜಕ್ಕೂ ಚೆನ್ನಾಗಿ ಕೂತಿತು. ಬಾಯಿಂದ ಗಾಳಿ ಊದಿದೆ. ಉಬ್ಬಿತು. ನಡುಮನೆಯಿಂದ ಅಡುಗೆಮನೆಗೆ ಹೋಗಿ ಅಮ್ಮನಿಗೆ ತೋರಿಸುವಷ್ಟರಲ್ಲಿ ಇಳಿದುಹೋಗಿತ್ತು.

ಬಚ್ಚಲಲ್ಲಿ ಟಬ್ಬಿಗೆ ನೀರು ತುಂಬಿ ಅದ್ದಿದೆವು. ಎರಡೂ ಪಕ್ಕದಿಂದ ಗುಳ್ಳೆಗಳು ಸಾಲಾಗಿ ಎದ್ದವು. ಒಳಗೆ ಟ್ಯೂಬೂ ಇಲ್ಲ, ಏನೂ ಇಲ್ಲ. ಹೊರಗಿನ ಬಟ್ಟೆಯೇ ಗಾಳಿಯ ಚೀಲ. ಅಮ್ಮ ಬಗ್ಗಿ ನೋಡಿ, "ನೋಡೇ, ಎಷ್ಟು ಸಮವಾಗಿ ಬರ್ತಿದೆ. ಒಳ್ಳೆ ಕೈ ಆ ಟೈಲರ್‌ದು," ಎಂದಳು. ಅವಳ ಮೇಲೆ ರೇಗಲು ಬಾಯಿ ತೆರೆದೆ. ಅಷ್ಟರಲ್ಲಿ ಹೊಲಿಗೆಯ ಪಕ್ಕ ಸೀಮೆಸುಣ್ಣದ ಗೆರೆ ಕಂಡಿತು. ಟೈಲರ್ ಕಣ್ಣಳತೆಯಲ್ಲಿ ಹೊಲಿದು ಕೆಡಿಸಿಯಾರೆಂದು ಸ್ಕೇಲಿಟ್ಟು ಆ ಗೆರೆ ಎಳೆದುಕೊಟ್ಟವಳು ನಾನೇ. ತೆರೆದ ಬಾಯಿಂದ ಜಾಕೆಟ್ಟಿಗೆ ಇನ್ನೊಮ್ಮೆ ಗಾಳಿ ಊದಿದೆ. ರಾಜರಾಜೇಶ್ವರಿನಗರಕ್ಕೆ ಫೋನ್ ಮಾಡಿದರೆ, ಚಿಕ್ಕದು ನಿನ್ನೆಯೇ ಮಾರಿಹೋಯಿತಂತೆ.

ಇವತ್ತು ಬುಧವಾರ. ಹೊಲಿಗೆಯ ತೂತು ಮುಚ್ಚುವ ಅಂಟು ಏನಾದರೂ ಇದೆಯೇ, ಅದನ್ನು ನಂಬಿ ಸಮುದ್ರಕ್ಕೆ ಇಳಿಯಬಹುದೇ, ಅಥವಾ ಹಲ್ಲು ಕಚ್ಚಿ ಬಾಡಿಗೆಯದನ್ನೇ ತೊಡಬೇಕೇ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಸ್ವಲ್ಪ ಬೇಗ ಬರೆಯಿರಿ. ಅಮ್ಮ ಹೊಲಿಸಿದ ಜಾಕೆಟ್ಟಿನ ಜೇಬುಗಳಿಗೆ ಬಟ್ಟೆ ಕ್ಲಿಪ್ಪು ತುಂಬಿಸಿ, ತೊಟ್ಟುಕೊಂಡು, ಒಗೆದ ಬಟ್ಟೆ ಹರವಲು ಟೆರೇಸಿಗೆ ಹೋಗಿದ್ದಾಳೆ. ಅವಳಿಗೆ ಎಲ್ಲೂ ಬಿಗಿಯುವುದೇ ಇಲ್ಲವಂತೆ.