ಹನ್ನೆರಡು ಬಲಗಾಲು ಬೇಕಾಗಿವೆ!

ಮಾರ್ಚ್ ಬಂತೆಂದರೆ ನಮ್ಮ ಹಾಸ್ಟೆಲ್ಲಿನ ಅಕ್ಕನ ಕಣ್ಣಿಗೆ ಮನುಷ್ಯರ ಮುಖವೇ ಕಾಣುವುದಿಲ್ಲ. ಬರೀ ಕಾಲು! ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವಳು ಮುಂದಿನವರ ಹಿಮ್ಮಡಿಯನ್ನೇ ದಿಟ್ಟಿಸಿ, "ಗುರುವಾರ ಸಾಯಂಕಾಲ ಫ್ರೀ ಇದೀಯೇನೇ?" ಎಂದು ಕೇಳುತ್ತಾಳೆ. ಹೊಸಬರು ಹೆದರಿ ಸಾಂಬಾರೂ ಹಾಕಿಸಿಕೊಳ್ಳದೆ ಓಡುತ್ತಾರೆ.

ಈ ಅಕ್ಕ ಕುಣಿಗಲ್ ಕಡೆಯವಳು, ನನ್ನ ರೂಮ್‌ಮೇಟು, ತುಮಕೂರಿನ ನಮ್ಮ ಕ್ಯಾಂಪಸ್ಸಿನ ಕಥೋಲಿಕ ವಿದ್ಯಾರ್ಥಿಗಳ ಗುಂಪಿಗೆ ಲೀಡರು. ಗುಂಪೆಂದರೆ ಏನು ಮಹಾ, ಎಲ್ಲ ಸೇರಿದರೆ ಒಂದು ಆಟೋ ಭರ್ತಿ! ಗುಡ್ ಫ್ರೈಡೆಯ ಹಿಂದಿನ ದಿನ ಪವಿತ್ರ ಗುರುವಾರ. ಯೇಸು ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಚರ್ಚಿನಲ್ಲಿ ಫಾದರ್ ಹನ್ನೆರಡು ಜನರ ಬಲಗಾಲು ತೊಳೆಯುತ್ತಾರೆ. ಆ ಜನರನ್ನು ಕರೆತರುವ ಕೆಲಸ ಈ ಗುಂಪಿನದು. ಆದರೆ ಮಾರನೆಯ ದಿನ ರಜೆಯಲ್ಲವೇ? ಗುಂಪಿನವರೆಲ್ಲ ಬುಧವಾರವೇ ಬಸ್ಸು ಹತ್ತಿ ಊರಿಗೆ ಪರಾರಿ! ಉಳಿಯುವವರು ಯಾರು? ನಾವು, ಹಣೆಗೆ ವಿಭೂತಿ ಇಡುವವರು.

ಇಡೀ ಹಾಸ್ಟೆಲ್ಲಿನಲ್ಲಿ ಅವಳು ಕೇಳದೆ ಬಿಟ್ಟದ್ದು ನನ್ನ ಕಾಲೊಂದನ್ನೇ. ಗುಬ್ಬಿಯ ನಮ್ಮ ಮನೆಯಲ್ಲಿ, ನಾನು ಚಿಕ್ಕವಳಿದ್ದಾಗ, ಹಂಡೆಯ ಕುದಿಯುವ ನೀರು ಬಲಗಾಲಿನ ಮೇಲೆ ಚೆಲ್ಲಿತ್ತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ಚಪ್ಪಲಿಯಲ್ಲೂ ಸಾಕ್ಸು, ಡಿಸೆಂಬರಿನಲ್ಲೂ ತಣ್ಣೀರ ಸ್ನಾನ. ಯಾರಾದರೂ ಆ ಕಾಲು ನೋಡಿ ಮುಖ ಕಿವುಚಿಬಿಟ್ಟರೆ ಎಂಬ ಭಯ ನನಗೆ.

"ನಮ್ಮಮ್ಮ ಬೈತಾರಕ್ಕಾ" ಎಂದು ಹೋದ ವರ್ಷ ಗೂಳೂರಿನ ಹುಡುಗಿ ರಾಗ ಎಳೆದಳು.

"ಯಾಕ್ ಬೈತಾರೆ? ಯಾರಾದ್ರೂ ಬರ್ಲಿ ಅಂತ ಫಾದರ್ರೇ ಅಂದವ್ರೆ. ಕಾಲು ತೊಳಸ್ಕೊಂಡ್ ಬಾ, ಸಾಕು ಕಣೇ."

ಅಷ್ಟಕ್ಕೇ ಬಿಟ್ಟಳೇ? ಹೊರಡುವ ಮುಂಚೆ ಎಲ್ಲರನ್ನೂ ನಲ್ಲಿಯ ಹತ್ತಿರ ಸಾಲಾಗಿ ಕೂರಿಸಿ, ಕಲ್ಲು ಕೊಟ್ಟು ಹಿಮ್ಮಡಿ ಉಜ್ಜಿಸಿದಳು.

"ಅಕ್ಕಾ, ಇಲ್ಲೇ ತೊಳೆದ್ಮೇಲೆ ಫಾದರ್ ಏನ್ ತೊಳೀತಾರೆ?"

"ಅವ್ರ ಮುಂದೆ ಕೊಳೆ ಕಾಲು ಚಾಚ್ತೀಯೇನೇ? ಉಜ್ಜು!"

ನಮ್ಮ ಕಡೆ ಮಠದಲ್ಲಿ ಸ್ವಾಮಿಗಳ ಪಾದವನ್ನು ನಾವು ತೊಳೆಯುವುದು ವಾಡಿಕೆ. ಇಲ್ಲಿ ನೋಡಿದರೆ ತಲೆ ನರೆತ ಫಾದರ್ ಗೂಳೂರಿನ ಹುಡುಗಿಯ ಮುಂದೆ ಮಂಡಿಯೂರಿದರು. ಹಿರಿಯರು ತನ್ನ ಕಾಲು ಮುಟ್ಟುವುದೆಂದರೇನು! ಅವಳು ಗಾಬರಿಬಿದ್ದು ಕುರ್ಚಿಯಿಂದ ಧುಮುಕಿ ಅವರ ಕಾಲಿಗೇ ಬಿದ್ದಳು. ಅವಳನ್ನು ನೋಡಿ ಪಕ್ಕದವಳು ಬಿದ್ದಳು, ಆಮೇಲೆ ಇಡೀ ಸಾಲು! ಫಾದರ್ ಪಾಪ, ಎಲ್ಲರಿಗೂ ಆಶೀರ್ವಾದ ಮಾಡಿದ ಮೇಲೇ ಕಾಲು ತೊಳೆದದ್ದು. "ಕೂತ್ಕೊಳ್ರೇ, ನೀರು ಆರೋಗ್ತದೆ!" ಎಂದು ಅಕ್ಕ ಬಿಸಿನೀರಿನ ಜಗ್ಗು ಹಿಡಿದು ಚರ್ಚಿಗೆಲ್ಲ ಕೇಳುವಂತೆ ಗದರಿದಳು. ಏಪ್ರಿಲ್ ಸೆಕೆಯಲ್ಲಿ ಬಿಸಿನೀರು ಯಾಕೆ ಅಂತೀರಾ? ಕರೆದು ಕೂರಿಸಿದವರಿಗೆ ತಣ್ಣೀರು ಹಾಕುವುದು ಅವಳ ಪ್ರಕಾರ ಅವಮಾನ! ಹಿಂದಿನ ಬೆಂಚಿನಲ್ಲಿ ಸಾಕ್ಸು ಹಾಕಿಕೊಂಡು ಕೂತಿದ್ದ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಈ ವರ್ಷ ಗುರುವಾರ ಮಧ್ಯಾಹ್ನ, ಒಪ್ಪಿಕೊಂಡಿದ್ದ ಹನ್ನೆರಡು ಜನರಲ್ಲಿ ಒಬ್ಬಳಿಗೆ ಜ್ವರ ಬಂತು. ಕೋರ್ಸು ಮುಗಿಯುತ್ತಿದ್ದ ಅಕ್ಕನಿಗೆ ಇದು ಕ್ಯಾಂಪಸ್ಸಿನ ಕೊನೆಯ ಗುರುವಾರ. ಹಾಸ್ಟೆಲ್ಲೆಲ್ಲ ಸುತ್ತಿ ಬಂದು ಮಂಚದ ಮೇಲೆ ಕುಸಿದಳು. ಕಣ್ಣು ನನ್ನ ಸಾಕ್ಸಿನ ಮೇಲೆ ಒಂದು ಗಳಿಗೆ ನಿಂತು, ತಟ್ಟನೆ ಕಿಟಕಿಯ ಕಡೆ ಹೋಯಿತು.

"ಬುಡು, ಹನ್ನೊಂದೇ ಸಾಕು. ಹನ್ನೆರಡ್ನೇಯವನು ಗುರುಗೇ ದ್ರೋಹ ಮಾಡಿದ ಯೂದ ತಾನೇ? ಅವ್ನು ಬರ್ದಿದ್ರೇ ವಾಸಿ!"

ಮಾತು ತಮಾಷೆಯದು, ಮುಖ ಮಾತ್ರ ಸಪ್ಪಗಿತ್ತು. ನನಗೆ ತಡೆಯಲಾಗಲಿಲ್ಲ.

"ಆ ಯೂದ ನಾನಾಗ್ತೀನಿ, ನಡಿಯಕ್ಕಾ" ಎಂದೆ. ಅಂದದ್ದು ನಾನೇನಾ ಎಂದು ನನಗೇ ಆಶ್ಚರ್ಯ!

ಚರ್ಚಿನಲ್ಲಿ ಕೊನೆಯ ಕುರ್ಚಿ ನನ್ನದು. ಸಾಕ್ಸು ತೆಗೆದೆ. ಫಾದರ್ ಹತ್ತಿರವಾದಂತೆ ಅಕ್ಕನ ಜಗ್ಗಿನಿಂದ ಹಬೆ ಏಳುವುದು ಕಂಡು, ಹಂಡೆಯ ನೀರು ನೆನಪಾಗಿ, ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡೆ. ಎದ್ದು ಓಡಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಅವಳು ಜಗ್ಗನ್ನು ಕೆಳಗಿಟ್ಟು, ಕಂಬದ ಮರೆಯಿಂದ ಒಂದು ಸ್ಟೀಲ್ ಚೊಂಬು ತಂದು, ಮೊದಲು ತನ್ನ ಮುಂಗೈ ಮೇಲೆ ಸುರಿದುಕೊಂಡು ತೋರಿಸಿದಳು.

"ತಣ್ಣೀರು ಕಣೇ" ಎಂದಳು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ.

ಫಾದರ್ ಕಾಲು ತೊಳೆದು, ಬಗ್ಗಿ ಮುತ್ತಿಟ್ಟು, ಟವೆಲನ್ನು ಅವಳ ಕೈಗೆ ಕೊಟ್ಟರು. ಅವಳು ನೆಲದ ಮೇಲೆ ಕೂತು ಅಂಟಿಕೊಂಡ ಬೆರಳುಗಳ ಸಂದಿಯನ್ನೆಲ್ಲ ಮಗುವಿಗೆ ಒರೆಸುವಂತೆ ಒರೆಸಿದಳು. ನನಗೆ ಅಳು ಒತ್ತರಿಸಿ ಬಂತು. ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ಅತ್ತೆ. ಫಾದರ್ ಆಗಲೇ ಎದ್ದು ಬಲಿಪೀಠದ ಕಡೆ ಹೋಗಿದ್ದರು. ಅಕ್ಕ ಇನ್ನೂ ಒರೆಸುತ್ತಲೇ ಇದ್ದಳು.